ಕಾಲು ಗಿಡ್ಡ ಮಾಡಿದ ಕುರ್ಚಿ

ಮುಂಬೈಯಿಂದ ಬರುವಾಗ ಅತ್ತಿಗೆ ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಹಗ್ಗ ಬಿಗಿದ ಒಂದು ದೊಡ್ಡ ಗಂಟು ತಂದಿದ್ದರು. ಅತ್ತಿಗೆಯೆಂದರೆ ನನ್ನ ಗಂಡನ ಅಕ್ಕ. ಬೈಂದೂರು ಸ್ಟೇಷನ್ನಿನಲ್ಲಿ ಇಳಿದು ನಾವುಂದದ ಮನೆಯವರೆಗೆ ರಿಕ್ಷಾದಲ್ಲಿ ಬರುವಾಗ ಆ ಗಂಟು ಅರ್ಧ ಹೊರಗೇ ಇತ್ತಂತೆ. ದಾರಿಯುದ್ದಕ್ಕೂ ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಬಂದರಂತೆ.

ಜಗಲಿಯಲ್ಲಿ ಬಿಚ್ಚಿದರು. ಉದ್ದುದ್ದ ಕಾಲಿನ ಒಂದು ಮರದ ಕುರ್ಚಿ. ಕೂರುವಲ್ಲಿ ಹಸಿರು ರೆಕ್ಸಿನ್ನಿನ ಮೆತ್ತೆ, ಸೊಂಟಕ್ಕೆ ಹಾಕುವ ಬೆಲ್ಟು, ಎದುರಿಗೆ ಬಟ್ಟಲು ಇಡುವುದಕ್ಕೆ ಬಿಳಿ ಟ್ರೇ. ಅತ್ತಿಗೆಯ ಮಗ ಅದರಲ್ಲಿ ಕೂತು ಉಂಡು ದೊಡ್ಡವನಾಗಿ ಈಗ ಶಾಲೆಗೆ ಹೋಗುತ್ತಿದ್ದ.

"ಅಲ್ಲಿ ಎಲ್ಲರ ಮನೆಲೂ ಇತ್ತ್ ಇದ್. ಮಗು ನಮ್ಮೊಟ್ಟಿಗೇ ಟೇಬಲ್ಲಿಗೆ ಕೂಕಂಡ್ ಉಣ್ತ್," ಅಂದರು ಅತ್ತಿಗೆ.

"ನಂಗ್ಳ್ ಮನೆಗೆ ಟೇಬಲ್ ಎಲ್ಲಿತ್ತ್ ಮಾರಾಯ್ತಿ?" ಅಂದರು ಅತ್ತೆ.

ಇರಲಿಲ್ಲ, ಹೌದು. ನಾವು ಅಡುಗೆಮನೆಯ ನೆಲದಲ್ಲಿ ಮಣೆ ಹಾಕಿಕೊಂಡು ಉಣ್ಣುವವರು. ಆದರೂ ಆ ಮಧ್ಯಾಹ್ನ ಅತ್ತಿಗೆ ಕುರ್ಚಿಯನ್ನು ಒಳಗೆ ತಂದಿಟ್ಟು, ನನ್ನ ಮಗಳನ್ನು ಅದರಲ್ಲಿ ಕೂರಿಸಿ ಬೆಲ್ಟು ಹಾಕಿದರು. ಮಗಳು ಆಗಷ್ಟೇ ಕೂರಲು ಕಲಿತಿದ್ದಳು. ನಾವೆಲ್ಲ ಕೆಳಗೆ, ಅವಳು ಮೇಲೆ. ಅವಳ ಕಾಲುಗಳು ಮಾವನ ಕಿವಿಯ ಪಕ್ಕ ತೂಗುತ್ತಿದ್ದವು. ಟ್ರೇಯಿಂದ ಚೆಲ್ಲಿದ ಅವಳ ಊಟದ ರಾಗಿ ಮಣ್ಣಿ ಮಾವನ ಹೆಗಲ ಮೇಲೆ ಬಿತ್ತು.

ಮಾವ ಒಂದು ಕಾಲದಲ್ಲಿ ಯಕ್ಷಗಾನದ ಆಟ ಒಂದನ್ನೂ ಬಿಟ್ಟವರಲ್ಲ. ಹೆಗಲು ಒರೆಸಿಕೊಳ್ಳುತ್ತಾ, "ರಾಣಿದ್ ಒಡ್ಡೋಲಗ ಆಯ್ತ್. ಇನ್ ನಾವ್ ಕೈಮುಗ್ದ್ ನಿಂತ್ಕಂಬುದೊಂದೇ ಬಾಕಿ," ಅಂದರು.

ಎಲ್ಲರೂ ನಕ್ಕರು. ನಗಬೇಕಾದ ಜಾಗ ಅದು ಎಂದು ನನಗೂ ಗೊತ್ತಾಯಿತು. ನಾನೂ ನಕ್ಕೆ.

ಆಗ ನಾನು ಹಾಗೆಯೇ ಇದ್ದೆ. ಹೆರಿಗೆಯಾದಾಗ ನರ್ಸ್ ಮಗುವನ್ನು ತಂದು ಎದೆಯ ಮೇಲೆ ಇಟ್ಟಿದ್ದರು. ಬಿಸಿಯಾಗಿತ್ತು, ಒದ್ದೆಯಾಗಿತ್ತು. ನನಗೆ ತಿಳಿದದ್ದು ಅಷ್ಟೇ. ಇನ್ನು ಸ್ವಲ್ಪ ಹೊತ್ತಿಗೆ ಏನೋ ಆಗುತ್ತದೆ ಎಂದು ಕಾದೆ. ಬ್ರಹ್ಮಾವರದ ತೌರುಮನೆಯಲ್ಲಿ ಬಾಣಂತನ ಮುಗಿಯುವವರೆಗೂ ಕಾದೆ. ಅಮ್ಮ ಎಣ್ಣೆ ಹಚ್ಚಿ ನೀರೆರೆಯುತ್ತಿದ್ದಳು, ಕಷಾಯ ಕೊಡುತ್ತಿದ್ದಳು. ಮಗುವನ್ನು ತೊಟ್ಟಿಲಲ್ಲಿ ತೂಗುವುದೂ ಅವಳೇ. ಒಂದು ದಿನ ಅಮ್ಮನಿಗೆ, "ನಂಗೆಂತದೂ ಅನ್ಸ್ತಿಲ್ಲ ಅಮ್ಮಾ," ಅಂದೆ. "ಬಾಣ್ತಿಗೆ ಅದೆಲ್ಲ ಇಪ್ಪುದೇ. ಗಂಡನ್ ಮನೆಗೆ ಹೋದ್ರೆ ಸಮಾ ಆತ್ತ್," ಅಂದಳು.

ಗಂಡನ ಮನೆಗೆ ಬಂದೆ. ಅವರು ಗಂಗೊಳ್ಳಿಯಿಂದ ಹೊರಡುವ ಮೀನಿನ ಬೋಟಿನಲ್ಲಿ ಕೆಲಸಕ್ಕಿದ್ದವರು. ಹೋದರೆ ವಾರಗಟ್ಟಲೆ ನೀರಿನ ಮೇಲೆಯೇ. ಅತ್ತೆ ಬೆಳಿಗ್ಗೆಯೇ ಹೈವೇ ಬದಿಯ ಮಾರ್ಕೆಟ್ಟಿಗೆ ಮೀನು ಮಾರಲು ಹೋಗುತ್ತಿದ್ದರು. ಮಾವ ಮಂಡಿನೋವಿನಿಂದ ಸಮುದ್ರ ಬಿಟ್ಟವರು, ಜಗಲಿಯಲ್ಲಿ ಕೂತು ಬೇರೆಯವರ ಬಲೆ ಸರಿ ಮಾಡಿಕೊಡುತ್ತಿದ್ದರು. ನಾನು ಮಗುವಿನ ಜೊತೆ ಒಳಕೋಣೆಯಲ್ಲಿ ಇರುತ್ತಿದ್ದೆ. ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆ. ಅತ್ತರೆ ಎತ್ತಿಕೊಂಡೆ, ಹಸಿದರೆ ಹಾಲು ಕೊಟ್ಟೆ, ಒದ್ದೆಯಾದರೆ ಬಟ್ಟೆ ಬದಲಿಸಿದೆ. ಯಾವುದೂ ತಪ್ಪುತ್ತಿರಲಿಲ್ಲ. ಮದುವೆಗೆ ಮೊದಲು ಬ್ರಹ್ಮಾವರದಲ್ಲಿ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಿದ್ದೆ. ಚೀಟಿ ಓದಿ, ಮಾತ್ರೆ ತೆಗೆದು, ಕತ್ತರಿಸಿ, ಕವರಿಗೆ ಹಾಕಿ ಕೊಡುವುದು. ಮಗುವಿನ ಕೆಲಸವನ್ನೂ ಅದೇ ಕೈಗಳು ಅದೇ ರೀತಿಯಲ್ಲಿ ಮಾಡುತ್ತಿದ್ದವು.

ಮನೆಯವರೆಲ್ಲ ಉಂಡಾದ ಮೇಲೆ, ಮಗು ಮಲಗಿದಾಗ ನಾನೊಬ್ಬಳೇ ಉಣ್ಣುತ್ತಿದ್ದೆ. ಸಣ್ಣ ಮಕ್ಕಳ ತಾಯಿಯರು ಹಾಗೆಯೇ ಅಲ್ಲವೇ, ಯಾರಿಗೂ ಅದು ವಿಶೇಷವಾಗಿ ಕಾಣಲಿಲ್ಲ.

ಅತ್ತಿಗೆ ವಾಪಸು ಹೋದ ಮರುದಿನ ಮಾವ ಗರಗಸ ತೆಗೆದರು.

ಮೊದಲು ಕುರ್ಚಿಯನ್ನು ಅಂಗಳದಲ್ಲಿ ಮಲಗಿಸಿದರು. ಆಮೇಲೆ ನನ್ನನ್ನು ಕರೆದು, "ಮಗೀನ ಹಿಡ್ಕೊ ಕಾಂಬ," ಅಂದರು. ಮಣೆಯ ಮೇಲೆ ತಾವು ಚಕ್ಕಳಮಕ್ಕಳ ಕೂತು, ಪಕ್ಕದಲ್ಲಿ ಮಗಳನ್ನು ಹಿಡಿಸಿ, ತಮ್ಮ ಬಟ್ಟಲು ಎಲ್ಲಿ, ಅವಳ ಬಾಯಿ ಎಲ್ಲಿ ಎಂದು ಬಲೆದಾರದಲ್ಲಿ ಅಳೆದರು. ಕಾಲುಗಳ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ ಕೊಯ್ದರು. ನಿಲ್ಲಿಸಿದರೆ ಕುರ್ಚಿ ಒಂದು ಕಡೆಗೆ ವಾಲಿತು. ಇನ್ನೊಂದು ಕಾಲನ್ನು ಸ್ವಲ್ಪ ಕೊಯ್ದರು. ಈಗ ಇನ್ನೊಂದು ಕಡೆಗೆ ವಾಲಿತು.

ಮಾರ್ಕೆಟ್ಟಿನಿಂದ ಬಂದ ಅತ್ತೆ ಬುಟ್ಟಿ ಇಳಿಸುತ್ತಾ ನೋಡಿ, "ಹೀಂಗೇ ಕೊಯ್ತಾ ಹೋಯ್ನಿ. ಕಡಿಗೆ ಅದ್ ಮಣೆ ಆತ್ತ್," ಅಂದರು.

"ನೀ ಸುಮ್ನಿರ್," ಅಂದರು ಮಾವ.

ಸಂಜೆಯ ಹೊತ್ತಿಗೆ ಅದು ನೆಟ್ಟಗೆ ನಿಂತಿತು. ಕಾಲುಗಳ ಅಡಿಗೆ ಹಳೆ ಚಪ್ಪಲಿಯ ರಬ್ಬರು ಕತ್ತರಿಸಿ ಮೊಳೆ ಹೊಡೆದರು. ಮೂಲೆಗಳನ್ನು ಪಾಲಿಶ್ ಪೇಪರಿನಿಂದ ಉಜ್ಜಿ, ತಮ್ಮ ಕೆನ್ನೆಗೆ ತಾಗಿಸಿ ನೋಡಿದರು. ಮಗಳನ್ನು ಕೂರಿಸಿದರೆ ಅವಳ ಮುಖ ಮಾವನ ಮುಖಕ್ಕಿಂತ ತುಸುವೇ ಕೆಳಗೆ ಬಂತು. ಅವಳು ಅವರ ಮುಖವನ್ನು ನೋಡಿದಳು. ಅಷ್ಟು ಹತ್ತಿರದಿಂದ, ಸಮಕ್ಕೆ ಕೂತು ನೋಡಿರಲಿಲ್ಲವೋ ಏನೋ, ಕೈ ಚಾಚಿ ಮಾವನ ಮೀಸೆ ಹಿಡಿದಳು.

ಆ ರಾತ್ರಿಯ ಊಟಕ್ಕೆ ಅತ್ತೆ ನನಗೂ ಮಣೆ ಹಾಕಿದರು.

"ನಾ ಮತ್ ಉಣ್ತೆ ಅತ್ತೆ," ಅಂದೆ.

"ನಿನ್ ಮಗಳ್ ಕೂಕಂಡ್ ಆಯ್ತ್. ನೀ ಮತ್ ಎಂತಕ್ಕೆ? ಕೂಕೊ."

ಕೂತೆ. ಹಾಗೆ ಶುರುವಾಯಿತು. ಆಮೇಲೆ ಆ ಕುರ್ಚಿ ಮನೆಯಿಡೀ ತಿರುಗಿತು. ಮಾವ ಬಲೆ ಹೆಣೆಯುವಾಗ ಜಗಲಿಗೆ, ಅತ್ತೆ ಬಟ್ಟೆ ಒಗೆಯುವಾಗ ಬಾವಿಕಟ್ಟೆಯ ನೆರಳಿಗೆ, ಸಂಜೆ ಟಿವಿಯ ಎದುರಿಗೆ. ಮಗಳು ಎಲ್ಲರ ನಡುವೆ ಕೂತಿರುತ್ತಿದ್ದಳು. ಟ್ರೇಯ ಮೇಲೆ ಒಂದು ಚಮಚ, ಒಂದು ಬಲೆಯ ತುಂಡು, ಅವಲಕ್ಕಿ ಕಾಳು. ಪೋಸ್ಟಿನವರೂ ಅವಳನ್ನು ಮಾತಾಡಿಸಿ ಹೋಗುತ್ತಿದ್ದರು. ಒಳಕೋಣೆಯ ಬಾಗಿಲು ಮುಂದೆ ಮಾಡುವ ಅಗತ್ಯ ಇಲ್ಲದಾಯಿತು. ನನಗೆ ಅದರಿಂದ ಬೇಸರವೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ. ಬಸ್ಸಿನ ಕಿಟಕಿಯಿಂದ ಯಾರದೋ ಮನೆಯ ಅಂಗಳ ಕಂಡ ಹಾಗೆ ಅವರನ್ನೆಲ್ಲ ನೋಡುತ್ತಿದ್ದೆ. ಒಂದು ಮಗು, ಒಬ್ಬ ಅಜ್ಜ, ಒಬ್ಬಳು ಅಜ್ಜಿ.

ಅತ್ತಿಗೆ ವೀಡಿಯೋ ಕಾಲ್ ಮಾಡಿದ ದಿನ ಮಾವ ಮೊಬೈಲನ್ನು ಕುರ್ಚಿಯ ಕಡೆ ಹಿಡಿದರು. ಅತ್ತಿಗೆ ಮುಖವನ್ನು ಪರದೆಗೆ ಹತ್ತಿರ ತಂದರು.

"ಅಪ್ಪಯ್ಯ, ಅದ್ ಸಾಗುವಾನಿ," ಅಂದರು.

"ಹೌದ್. ಕೊಯ್ವತ್ತಿಗೆ ಗೊತ್ತಾಯ್ತ್. ಒಳ್ಳೆ ಮರ," ಅಂದರು ಮಾವ.

ಬಿಸಿಲು ಜೋರಾಗತೊಡಗಿದ ಒಂದು ದಿನ ಮಾವ ಮಂಡಿ ತೋರಿಸಲು ಬೆಳಿಗ್ಗೆಯ ಬಸ್ಸಿಗೆ ಕುಂದಾಪುರಕ್ಕೆ ಹೋಗಿದ್ದರು. ನಾನು ಎದ್ದಾಗ ಬಿಸಿಲು ಕಿಟಕಿ ದಾಟಿ ಒಳಗೆ ಬಂದಿತ್ತು. ಪಕ್ಕದಲ್ಲಿ ಮಗು ಇರಲಿಲ್ಲ. ಅತ್ತೆ ಎಬ್ಬಿಸಿದ್ದು ನೆನಪಿತ್ತು. ಹೆಗಲು ಹಿಡಿದು ಅಲ್ಲಾಡಿಸಿದ್ದರು, "ಹೆಣ್ಣೇ, ನಂಗೆ ಹೊತ್ತಾಯ್ತ್," ಅಂದಿದ್ದರು. ಕೇಳಿಸಿತ್ತು. ಆದರೆ ಕೈಕಾಲು ನನ್ನವಲ್ಲ ಎಂಬಂತೆ ಬಿದ್ದಿದ್ದವು, ಏಳಲು ಆಗಿರಲಿಲ್ಲ.

ಅಡುಗೆಮನೆಯಲ್ಲಿ ಗಂಜಿ ಮುಚ್ಚಿಟ್ಟಿದ್ದರು. ಕುರ್ಚಿ ಅಲ್ಲಿ ಇರಲಿಲ್ಲ, ಜಗಲಿಯಲ್ಲೂ ಇರಲಿಲ್ಲ. ಮನೆ ಬಹಳ ಸುಮ್ಮನಿತ್ತು. ಗಂಜಿ ಉಂಡೆ, ಬಟ್ಟಲು ತೊಳೆದಿಟ್ಟೆ. ತಲೆ ಬಾಚಿ, ಬಾಗಿಲು ಹಾಕಿ, ಹೈವೇ ಕಡೆಗೆ ನಡೆದೆ.

ಮಾರ್ಕೆಟ್ಟು ರಸ್ತೆಯ ಆಚೆ ಬದಿಗೆ. ಒಂದು ತಗಡಿನ ಮಾಡು, ಅದರಡಿಯಲ್ಲಿ ಸಾಲಾಗಿ ಹೆಂಗಸರು, ಪ್ರತಿಯೊಬ್ಬರ ಎದುರಿಗೂ ಬುಟ್ಟಿ, ಐಸು, ಮೀನು ಕೊಯ್ಯುವ ಮೆಟ್ಟುಗತ್ತಿ. ನಾನು ಈಚೆ ಬಸ್‌ಸ್ಟಾಪಿನಲ್ಲಿ ನಿಂತು ನೋಡಿದೆ. ಅತ್ತೆಯ ಪಕ್ಕದಲ್ಲಿ, ಗಾಳಿ ಬರುವ ಕಡೆ, ಗೋಡೆಯ ನೆರಳಿನಲ್ಲಿ ಕುರ್ಚಿ ಇತ್ತು. ಹೆಂಗಸರೆಲ್ಲ ಕೂರುವುದು ಗೇಣೆತ್ತರದ ಮಣೆಗಳ ಮೇಲೆ. ಕಾಲು ಗಿಡ್ಡವಾದ ಆ ಕುರ್ಚಿ ಅವರ ಸಾಲಿಗೆ ಸರಿಯಾಗಿ ಹೊಂದಿಕೊಂಡಿತ್ತು. ಮಗಳ ತಲೆಗೆ ಅತ್ತೆಯ ಹೂವಿನ ಕರವಸ್ತ್ರ ಕಟ್ಟಿತ್ತು. ನೊಣ ಬರದ ಹಾಗೆ ಯಾರೋ ರಟ್ಟಿನಿಂದ ಗಾಳಿ ಬೀಸುತ್ತಿದ್ದರು. ಅವಳು ಟ್ರೇಯನ್ನು ಎರಡೂ ಕೈಯಿಂದ ಬಡಿಯುತ್ತಿದ್ದಳು. ಬಂಗುಡೆ ಕೊಳ್ಳಲು ಬಂದ ಗಂಡಸೊಬ್ಬ ಅವಳಿಗೆ ಏನೋ ಹೇಳಿ ನಕ್ಕ.

ಎಷ್ಟು ಹೊತ್ತು ನಿಂತೆನೋ ತಿಳಿಯದು. ಲಾರಿಗಳು ಹೋದವು, ಒಂದು ಬಸ್ಸು ಬಂದು ನಿಂತು ಹೋಯಿತು. ಕಂಡಕ್ಟರ್ ನನ್ನನ್ನು ನೋಡಿ, "ಹೆಮ್ಮಾಡಿಯಾ? ಕುಂದಾಪ್ರವಾ?" ಎಂದು ಕೇಳಿದ. ಎಲ್ಲಿಗೂ ಅಲ್ಲ ಎಂದೆ. ಬಸ್ಸು ಸರಿದಾಗ ಮಗಳು ನನ್ನ ಕಡೆ ನೋಡುತ್ತಿದ್ದಳು. ಗುರುತು ಸಿಕ್ಕಿತೋ ಇಲ್ಲವೋ. ಅಳಲಿಲ್ಲ. ಮತ್ತೆ ಟ್ರೇ ಬಡಿದಳು.

ನಾನು ರಸ್ತೆ ದಾಟಿದೆ.

ಅತ್ತೆ ತಲೆಯೆತ್ತಿ, "ಬಂದ್ಯಾ? ಗಂಜಿ ಉಂಡ್ಯಾ?" ಅಂದರು.

"ಉಂಡೆ."

"ಕೂಕೊ. ಆ ಮೀನಿಗೆ ಒಂಚೂರ್ ನೀರ್ ಹೊಡಿ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೂ ನನಗೆ ಏನಾದರೂ ಅನಿಸುತ್ತಿತ್ತೋ ಗೊತ್ತಿಲ್ಲ. ಪಕ್ಕದಲ್ಲಿ ಒಣಮೀನು ಮಾರುವ ಒಬ್ಬ ಅಜ್ಜಿ ತನ್ನ ಮಣೆಯನ್ನು ಸ್ವಲ್ಪ ಸರಿಸಿ ಜಾಗ ಮಾಡಿಕೊಟ್ಟಳು. ರಟ್ಟು ಬೀಸುತ್ತಿದ್ದದ್ದು ಅವಳೇ. ನಾನು ಮೀನಿಗೆ ನೀರು ಚಿಮುಕಿಸಿದೆ. ಗಿರಾಕಿ ಬಂದರೆ ಅತ್ತೆ ಕೊಯ್ದು ಕೊಟ್ಟದ್ದನ್ನು ಪ್ಲಾಸ್ಟಿಕ್ಕಿಗೆ ತುಂಬಿದೆ.

ಗಿರಾಕಿಗಳು ಕಮ್ಮಿಯಾದಾಗ ಅಜ್ಜಿ ನನ್ನನ್ನೇ ನೋಡುತ್ತಿದ್ದವಳು, ಅತ್ತೆಯ ಹತ್ತಿರ ಕೇಳಿದಳು: "ಇವ್ಳಿಗೆ ಸುರುವಿನಿಂದ್ಲೂ ಹೀಂಗೆಯಾ?"

"ಹೆತ್ತ ಮೇಲೆ," ಅಂದರು ಅತ್ತೆ.

ಅಂದರೆ ಅತ್ತೆಗೆ ಗೊತ್ತಿತ್ತು. ಎಂದಿನಿಂದ ಎಂದು ನಾನು ಕೇಳಲಿಲ್ಲ.

"ನನ್ ತಂಗಿಗೂ ಹೀಂಗೇ ಆಯಿತ್ತ್," ಅಂದಳು ಅಜ್ಜಿ. "ಕಲ್ಲಿನ್ ಹಾಂಗೆ ಕೂಕಂತಿದ್ಲ್. ದೆವ್ವ ಹಿಡ್ದಿತ್ ಅಂದೇಳಿ ಊರೆಲ್ಲ ತಿರ್ಗ್ಸಿರ್. ಆಗ ಎಲ್ಲಿತ್ತ್ ಡಾಕ್ಟ್ರ್? ಈಗ ಇದ್ರ್ ಅಂಬ್ರ್. ಕರ್ಕಂಡ್ ಹೋಗ್."

"ತಂಗಿ ಈಗ ಹ್ಯಾಂಗ್ ಇದ್ಲ್?" ಎಂದು ನಾನು ಕೇಳಿದೆ.

"ಅವ್ಳ್ ಈಗ ಇಲ್ಲ ಮಗಾ," ಎಂದು ಅಜ್ಜಿ ರಟ್ಟು ಬೀಸುವುದನ್ನು ಮುಂದುವರಿಸಿದಳು.

ಎರಡು ದಿನ ಬಿಟ್ಟು ಅತ್ತೆ ಮಾರ್ಕೆಟ್ಟಿಗೆ ಹೋಗಲಿಲ್ಲ. ಒಳ್ಳೆಯ ಸೀರೆ ಉಟ್ಟು, ಮಗಳನ್ನು ಸೊಂಟದಲ್ಲಿ ಎತ್ತಿಕೊಂಡು, ನನ್ನನ್ನು ಕುಂದಾಪುರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಹೆಂಗಸು, ನನಗಿಂತ ಸ್ವಲ್ಪ ದೊಡ್ಡವರಿರಬಹುದು. ನಿದ್ದೆ, ಊಟ ಎಲ್ಲ ವಿಚಾರಿಸಿದ ಮೇಲೆ, "ಮಗುವನ್ನು ನೋಡಿದಾಗ ಏನನಿಸ್ತದೆ?" ಎಂದು ಕೇಳಿದರು.

"ಏನೂ ಅನ್ಸುದಿಲ್ಲ," ಅಂದೆ. "ಹಸಿವಾದ್ರೆ ಗೊತ್ತಾಗ್ತದೆ. ಕೊಡ್ತೇನೆ."

ಸಾಯಬೇಕು ಅನಿಸುತ್ತದೆಯೇ, ಮಗುವಿಗೆ ಏನಾದರೂ ಮಾಡಬೇಕು ಅನಿಸುತ್ತದೆಯೇ ಎಂದೂ ಕೇಳಿದರು. ಇಲ್ಲ ಎಂದೆ. ಅದು ನಿಜವೇ ಆಗಿತ್ತು. ಅಂಥದ್ದಕ್ಕೂ ಒಂದು ಮನಸ್ಸು ಬೇಕಲ್ಲ. ಅತ್ತೆ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡರು. ಮಗಳು ಅವರ ಬಳೆ ಎಳೆಯುತ್ತಿದ್ದಳು.

"ಇದು ಹೆರಿಗೆ ಆದವರಿಗೆ ಬರುವ ಒಂದು ಕಾಯಿಲೆ," ಅಂದರು ಡಾಕ್ಟರು. "ಇವರ ಗುಣ ಹೀಗೆ ಅಂತಲ್ಲ. ವಾಸಿ ಆಗ್ತದೆ. ಸ್ವಲ್ಪ ಸಮಯ ಹಿಡೀತದೆ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳಲಿಕ್ಕೆ ಜನ ಇದ್ದಾರಾ?"

"ಇದ್ರ್," ಅಂದರು ಅತ್ತೆ. ಮತ್ತೆ ಯೋಚಿಸಿ, "ಒಂದ್ ದೃಷ್ಟಿ ತೆಗ್ಸ್ಲಿಯಾ?" ಅಂದರು.

"ತೆಗೆಸಿ. ಮಾತ್ರೆಯನ್ನೂ ತಪ್ಪದೆ ಕೊಡಿ," ಅಂದರು ಡಾಕ್ಟರು.

ಚೀಟಿಯಲ್ಲಿದ್ದ ಮಾತ್ರೆ ನನಗೆ ಪರಿಚಯದ್ದೇ. ಮೆಡಿಕಲ್ ಶಾಪಿನಲ್ಲಿ ಎಷ್ಟೋ ಜನರಿಗೆ ಕತ್ತರಿಸಿ ಕೊಟ್ಟಿದ್ದೆ. ಅವರಲ್ಲಿ ಹೆಂಗಸರೂ ಇದ್ದರು. ಯಾರ ಮುಖವೂ ನೆನಪಿಗೆ ಬರಲಿಲ್ಲ.

ಮಳೆ ಶುರುವಾಗುವ ಮುಂಚೆ ಬೋಟುಗಳು ದಡ ಸೇರಿದವು. ನನ್ನ ಗಂಡ ಮನೆಗೆ ಬಂದರು. ಅವರಿಗೆ ನಾನೇ ಹೇಳಬೇಕೆಂದುಕೊಂಡಿದ್ದೆ. ಅವರು ಜಗಲಿಯಲ್ಲಿ ಮಗಳ ಕುರ್ಚಿಯ ಸಡಿಲವಾದ ಬೆಲ್ಟನ್ನು ಹೊಲಿಯುತ್ತಿದ್ದಾಗ ಹೋಗಿ ಪಕ್ಕದಲ್ಲಿ ಕೂತೆ.

"ನಂಗೆ ಇವ್ಳನ್ ಕಂಡ್ರೆ ಎಂತದೂ ಆತಿಲ್ಲ," ಅಂದೆ. "ನಿಮ್ಮನ್ ಕಂಡ್ರೂ ಅಷ್ಟೇ."

ಅವರು ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದರು. "ಅಮ್ಮ ಹೇಳಿರ್. ಮಾತ್ರೆ ತಕಂತಾ ಇದ್ಯಲ್ದಾ?"

"ಹ್ಞೂಂ."

"ತಕೋ," ಅಂದರು. ಆಮೇಲೆ ಬೆಲ್ಟನ್ನು ಎರಡು ಸಲ ಎಳೆದು ನೋಡಿ, "ಇದ್ ಇನ್ ತುಂಡ್ ಆತಿಲ್ಲ," ಅಂದರು. ಅವರ ಕಣ್ಣು ಕೆಂಪಾಗಿತ್ತು. ಆ ಕಣ್ಣನ್ನು ನೋಡುತ್ತಾ ನಾನು ಕೂತಿದ್ದೆ.

ಅವರು ಮನೆಯಲ್ಲಿದ್ದ ಆ ಮಳೆಗಾಲದಲ್ಲಿ ಅಡುಗೆಮನೆಯಲ್ಲಿ ದಿನವೂ ಐದು ಜನ ಕೂರುತ್ತಿದ್ದೆವು. ಮಗಳು ನನ್ನ ಮತ್ತು ಮಾವನ ನಡುವೆ. ಅವಳಿಗೆ ಮುಳ್ಳಿಲ್ಲದ ಮೀನನ್ನು ಬೆರಳಿನಿಂದ ಪುಡಿ ಮಾಡಿ, ಅನ್ನದಲ್ಲಿ ಕಲಸಿ ಇಡುವುದು ನನ್ನ ಕೆಲಸವಾಯಿತು. ನಾನು ಹಿಡಿದುಕೊಳ್ಳಬೇಕಿರಲಿಲ್ಲ, ಅಪ್ಪಿಕೊಳ್ಳಬೇಕಿರಲಿಲ್ಲ. ಪಕ್ಕದಲ್ಲಿ ಕೂತು ಉಂಡರೆ ಸಾಕಿತ್ತು. ಅಷ್ಟು ನನ್ನಿಂದಾಗುತ್ತಿತ್ತು. ಅವಳೂ ನನ್ನಿಂದ ಹೆಚ್ಚೇನೂ ಕೇಳುತ್ತಿರಲಿಲ್ಲ, ತುತ್ತು ಮುಗಿದಾಗ ಟ್ರೇ ತಟ್ಟಿ ನನ್ನ ಕಡೆ ನೋಡುವುದು ಬಿಟ್ಟರೆ. ಕೆಲವು ಸಲ ಅನ್ನ ಇರುವಾಗಲೂ ತಟ್ಟಿ ನೋಡುತ್ತಿದ್ದಳು. ಅದು ಯಾಕೆ ಎಂದು ಬಹಳ ದಿನ ನನಗೆ ಅರ್ಥವಾಗಲಿಲ್ಲ.

ಒಂದು ಮಧ್ಯಾಹ್ನ ಜೋರು ಮಳೆ. ಒಗ್ಗರಣೆಯ ಘಾಟಿಗೆ ಮಾವ ಸೀನಿದರು. ದೊಡ್ಡ ಸೀನು, ಎದುರಿನ ನೀರಿನ ಚೊಂಬು ಮಗುಚಿತು. ಮಗಳು ಕಣ್ಣರಳಿಸಿ ನೋಡಿದವಳು, ಅವರ ಹಾಗೆಯೇ ಮೂಗು ಸುಕ್ಕಿಸಿ, "ಆಂಛ್" ಅಂದಳು. ಮಾವ ಬೇಕೆಂದೇ ಮತ್ತೊಮ್ಮೆ ಸೀನಿದರು. ಅವಳು ಮತ್ತೆ ಅಂದಳು. ಹೀಗೆ ನಡೆಯುತ್ತಲೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಕೈಯ ಅನ್ನ ಕೈಯಲ್ಲೇ ಹಿಡಿದು ನಾನು ನಗುತ್ತಿದ್ದೇನೆ ಎಂದು ತಿಳಿಯಿತು. ನಗಬೇಕು ಎಂದು ನೆನಪು ಮಾಡಿಕೊಂಡು ನಕ್ಕದ್ದಲ್ಲ. ಹೊಟ್ಟೆ ಅಲುಗುತ್ತಿತ್ತು. ಅತ್ತೆ ನನ್ನ ಕಡೆ ನೋಡಿದರು. ನನ್ನ ಬಟ್ಟಲಿಗೆ ಇನ್ನೊಂದು ಸೌಟು ಸಾರು ಬಡಿಸಿದರು.

ಮರುದಿನ ಮತ್ತೆ ಮೊದಲಿನಂತೆಯೇ. ಅದರ ಮರುದಿನವೂ. ಹಾಗೆ ಬರುತ್ತಾ ಹೋಗುತ್ತಾ ಇತ್ತು. ಮಾತ್ರೆಯನ್ನು ಡಾಕ್ಟರು ಕಮ್ಮಿ ಮಾಡಿದರು, ಮತ್ತೆ ಸ್ವಲ್ಪ ಹೆಚ್ಚು ಮಾಡಿದರು, ಮುಂದಿನ ವರ್ಷ ನಿಲ್ಲಿಸಿದರು. ಯಾವ ದಿನ ಸರಿಯಾದೆ ಎಂದು ಕೇಳಿದರೆ ಹೇಳಲಾರೆ. ಈಗಲೂ ಕೆಲವು ಬೆಳಿಗ್ಗೆ ಎದ್ದಾಗ ಒಳಗೆ ಎಲ್ಲವೂ ಸ್ತಬ್ಧವಾಗಿರುತ್ತದೆ. ಅಂಥ ದಿನ ಅತ್ತೆಗೆ ಹೇಳುತ್ತೇನೆ. "ಹೌದಾ, ಬಾ ಹಂಗಾರೆ," ಎಂದು ಮಾರ್ಕೆಟ್ಟಿಗೆ ಕರೆದುಕೊಂಡು ಹೋಗುತ್ತಾರೆ.

ನಡೆಯಲು ಬಂದ ಮೇಲೆ ಮಗಳು ಕುರ್ಚಿಯಲ್ಲಿ ಕೂರಲು ಒಪ್ಪಲಿಲ್ಲ. ಬೆಲ್ಟು ಹಾಕಿದರೆ ಬಿಲ್ಲಿನ ಹಾಗೆ ಬಾಗಿ ಕಿರುಚುತ್ತಿದ್ದಳು. ಒಣಮೀನಿನ ಅಜ್ಜಿಯ ಮೊಮ್ಮಗಳಿಗೆ ಮಗುವಾದಾಗ ಮಾವ ಕುರ್ಚಿಗೆ ಹೊಸ ಮೆತ್ತೆ ಹಾಕಿಸಿ, ತಾವೇ ಸ್ಕೂಟರಿನ ಹಿಂದೆ ಕಟ್ಟಿಸಿಕೊಂಡು ಹೋಗಿ ಕೊಟ್ಟು ಬಂದರು.

ಈಗ ಮಗಳು ಅಂಗನವಾಡಿಗೆ ಹೋಗುತ್ತಾಳೆ. ನಾನು ಬೈಂದೂರಿನ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕೆ ಸೇರಿದ್ದೇನೆ. ನನಗೆ ರಜೆ ಇರುವ ದಿನ ಅವಳನ್ನು ಕರೆತರಲು ನಾನೇ ಹೋಗುತ್ತೇನೆ. ಕಳೆದ ವಾರ ಹೋದಾಗ ಅವಳು ಓಡಿ ಬರಲಿಲ್ಲ. ಮಣ್ಣಿನಲ್ಲಿ ಏನೋ ಮಾಡುತ್ತಿದ್ದದ್ದನ್ನು ಮುಗಿಸಿ, ಕೈ ಕೊಡವಿಕೊಂಡು, ನಿಧಾನಕ್ಕೆ ಎದ್ದು ಬಂದಳು. ಎರಡೂ ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟಳು.

"ಹಿಡ್ಕೊ," ಅಂದಳು.

ಬರಿಗಾಲಲ್ಲಿ ಬಿಸಿ ಮರಳಿನ ಮೇಲೆ ಕುಣಿಯುತ್ತಾ ಮುಂದೆ ಹೋದಳು. ಕಾಲು ಸುಡುತ್ತದೆ, ಹಾಕಿಕೋ ಎಂದು ಕೂಗಿದೆ. ಕೇಳಲಿಲ್ಲ. ಚಪ್ಪಲಿ ಹಿಡಿದುಕೊಂಡು ನಾನು ಅವಳ ಹಿಂದೆ ಬೇಗ ಬೇಗ ನಡೆದೆ.